ಗುಂಟೆಯ ಲೆಕ್ಕ ಬಲ್ಲವರಿಗೆ ಬಹುಪದೋಕ್ತಿಯ ಗುಣಾಕಾರ

ಬೆಳಗಾವಿ, ಖಾನಾಪುರ ಸೀಮೆಯಲ್ಲಿ ಜಮೀನಿನ ಮಾತು ಎದ್ದರೆ ಗುಂಟೆಯ ಮಾತು ಬಂದೇ ಬರುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಎಕರೆ. ಈ 33 ಬಂದದ್ದು ಮೋಜಣಿಯ ಸರಪಳಿಯಿಂದ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಈ ಭಾಗದ ಹೊಲಗದ್ದೆಗಳನ್ನು ಅಳೆದದ್ದು 33 ಅಡಿಯ ಸರಪಳಿಯಲ್ಲಿ. ಆ ಸರಪಳಿಯನ್ನು 16 ಪಾಲು ಮಾಡಿ ಒಂದೊಂದು ಪಾಲಿಗೆ ಆಣೆ ಎಂದರು. ಒಂದು ಗುಂಟೆ ಜಾಗವನ್ನೂ ಹಾಗೆಯೇ 16 ಆಣೆಯಾಗಿ ಎಣಿಸಿದರು.

ಈಗ ಒಂದು ಗದ್ದೆ ಇದೆ ಎಂದುಕೊಳ್ಳಿ. ಉದ್ದ 5 ಸರಪಳಿ 4 ಆಣೆ, ಅಗಲ 3 ಸರಪಳಿ 8 ಆಣೆ. ಜಾಗ ಎಷ್ಟು? ಸರಪಳಿಗೆ ‘ಸ’, ಆಣೆಗೆ ‘ಆ’ ಎಂದು ಬರೆದರೆ ಉದ್ದ 5ಸ + 4ಆ, ಅಗಲ 3ಸ + 8ಆ. ಉದ್ದದ ಎರಡೂ ತುಂಡುಗಳು ಅಗಲದ ಎರಡೂ ತುಂಡುಗಳೊಡನೆ ಗುಣಿಸಿಕೊಳ್ಳಬೇಕು, ಹಾಗಾಗಿ ನಾಲ್ಕು ಗುಣಲಬ್ಧ ಬರುತ್ತವೆ.

5ಸ × 3ಸ = 15ಸ². ಒಂದು ಚದರ ಸರಪಳಿ ಎಂದರೆ ಒಂದು ಗುಂಟೆ, ಆದ್ದರಿಂದ ಇದು 15 ಗುಂಟೆ.
5ಸ × 8ಆ = 40ಸಆ. 4ಆ × 3ಸ = 12ಸಆ. ಎರಡೂ ಸೇರಿ 52ಸಆ. ಒಂದು ಸರಪಳಿ ಉದ್ದ, ಒಂದು ಆಣೆ ಅಗಲದ ಪಟ್ಟಿ ಗುಂಟೆಯ ಹದಿನಾರನೇ ಒಂದು ಪಾಲು, ಅಂದರೆ ಒಂದು ಆಣೆ ಜಾಗ. ಹಾಗಾಗಿ ಇದು 52 ಆಣೆ.
4ಆ × 8ಆ = 32ಆ². ಹದಿನಾರು ಚದರ ಆಣೆ ಸೇರಿದರೆ ಒಂದು ಆಣೆ ಜಾಗ, ಆದ್ದರಿಂದ ಇದು 2 ಆಣೆ.

ಒಟ್ಟು 15 ಗುಂಟೆ 54 ಆಣೆ. 54 ಆಣೆಯಲ್ಲಿ 3 ಗುಂಟೆ ಹೋಗಿ 6 ಆಣೆ ಉಳಿಯುತ್ತದೆ. ಉತ್ತರ 18 ಗುಂಟೆ 6 ಆಣೆ. ಸಂಶಯವಿದ್ದರೆ 5.25ನ್ನು 3.5ರಿಂದ ಗುಣಿಸಿ ನೋಡಿ, 18.375 ಬರುತ್ತದೆ. 0.375 ಗುಂಟೆ ಎಂದರೆ ಸರಿಯಾಗಿ 6 ಆಣೆ.

ನಿಜವಾದ ಗದ್ದೆ ಇಷ್ಟು ಅಚ್ಚುಕಟ್ಟಾದ ಆಯತವಾಗಿರುವುದು ಅಪರೂಪ. ಜಾಂಬೋಟಿ, ಕಣಕುಂಬಿ ಕಡೆಯ ಇಳಿಜಾರಿನಲ್ಲಂತೂ ಬದು ಹೇಗೆ ತಿರುಗಿದೆಯೋ ಗದ್ದೆಯೂ ಹಾಗೆ. ಮೋಜಣಿದಾರರು ಅಂಥ ಜಾಗವನ್ನು ತ್ರಿಕೋನ, ತ್ರಾಪಿಜ್ಯಗಳಾಗಿ ಒಡೆದು ಲೆಕ್ಕ ಹಾಕುತ್ತಾರೆ. ಒಡೆದ ಮೇಲೆ ನಡೆಯುವುದು ಮಾತ್ರ ಇದೇ ಗುಣಾಕಾರ. ಎಂಟನೇ ತರಗತಿಯ ಬೀಜೋಕ್ತಿಗಳ ಪಾಠದಲ್ಲಿ, ಒಂಬತ್ತು ಮತ್ತು ಹತ್ತನೇ ತರಗತಿಯ ಬಹುಪದೋಕ್ತಿಗಳ ಪಾಠದಲ್ಲಿ ಮಕ್ಕಳು ಮಾಡುವುದು ಇದರ ಹೊರತು ಬೇರೇನಲ್ಲ. ಸರಪಳಿ, ಆಣೆಗಳ ಜಾಗದಲ್ಲಿ ಅಕ್ಷರ ಇರುತ್ತದೆ, ಅಷ್ಟೇ.

ಪಠ್ಯಪುಸ್ತಕದಲ್ಲಿ ಆ ಅಕ್ಷರ ಎಕ್ಸ್. ಈ ಲೇಖನದಲ್ಲಿ ಅದನ್ನು ‘ಯ’ ಎಂದು ಬರೆಯುತ್ತೇನೆ. ಅದಕ್ಕೆ ಆಧಾರವೂ ಇದೆ: 12ನೇ ಶತಮಾನದ ಭಾಸ್ಕರಾಚಾರ್ಯ ತನ್ನ ಬೀಜಗಣಿತದಲ್ಲಿ ಗೊತ್ತಿಲ್ಲದ ಮೊತ್ತವನ್ನು ಯಾವತ್-ತಾವತ್ ಎಂದು ಕರೆದು ‘ಯಾ’ ಎಂಬ ಗುರುತು ಹಾಕುತ್ತಿದ್ದ. ಎರಡನೆಯ, ಮೂರನೆಯ, ನಾಲ್ಕನೆಯ ಅವ್ಯಕ್ತಗಳು ಬಂದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು.

ಕಳೆದುಹೋಗುವ 180 ಚದರ ಅಡಿ

ಹೈಸ್ಕೂಲಿನ ಬೀಜಗಣಿತದಲ್ಲಿ ಒಂದು ತಪ್ಪು ಎಲ್ಲ ಊರಲ್ಲೂ, ಎಲ್ಲ ಮಾಧ್ಯಮದಲ್ಲೂ ಕಾಣುತ್ತದೆ. (ಅ + ಬ)² ಎಂದು ಕೊಟ್ಟರೆ ಮಗು ಅ² + ಬ² ಎಂದು ಬರೆದುಬಿಡುತ್ತದೆ. ಶಿಕ್ಷಕರು ಕೆಂಪು ಗೀಟು ಎಳೆದು ಸೂತ್ರ ಬರೆಸುತ್ತಾರೆ. ಮುಂದಿನ ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು. ಇದನ್ನು ಅಜಾಗರೂಕತೆ ಎಂದು ಬೈಯುವುದು ನನಗೆ ಒಪ್ಪಿಗೆಯಿಲ್ಲ. ಆ ಮಗುವಿನ ಕಣ್ಣಮುಂದೆ ಚಿತ್ರವಿಲ್ಲ. ಸೂತ್ರ ನೆನಪಿನಿಂದ ಜಾರಿದಾಗ ಹಿಡಿದುಕೊಳ್ಳಲು ಬೇರೇನೂ ಇಲ್ಲದೆ ಕೈಗೆ ಸಿಕ್ಕಿದ್ದನ್ನು ಬರೆಯುತ್ತದೆ.

ಚಿತ್ರ ಗುಂಟೆಯಲ್ಲೇ ಇದೆ. 33 ಅಡಿಯನ್ನು 30 + 3 ಎಂದು ಒಡೆಯಿರಿ. ಚೌಕದೊಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆಯಿರಿ. ನಾಲ್ಕು ತುಂಡುಗಳಾಗುತ್ತವೆ: 30 × 30ರ ದೊಡ್ಡ ಚೌಕ 900, 30 × 3ರ ಪಟ್ಟಿ 90, ಇನ್ನೊಂದು ಪಟ್ಟಿ 90, ಮೂಲೆಯ ಪುಟ್ಟ ಚೌಕ 9. ಕೂಡಿಸಿದರೆ 1089. ಬರೀ 30² + 3² ಎಂದು ಬರೆದವರಿಗೆ ಸಿಗುವುದು 909. ಎರಡು ಪಟ್ಟಿಗಳ 180 ಚದರ ಅಡಿ ಬಿಟ್ಟುಹೋಯಿತು. ಎಕರೆಗೆ ಈ ಲೆಕ್ಕ ಹಾಕಿದರೆ 7200 ಚದರ ಅಡಿ, ಆರೂವರೆ ಗುಂಟೆಗಿಂತ ಹೆಚ್ಚು ಜಮೀನು ಹೋಯಿತು. ರೈತರ ಮನೆಯ ಮಗುವಿಗೆ ಇದನ್ನು ಹೇಳಿ ನೋಡಿ. ‘ಅಷ್ಟು ಜಾಗ ಎಲ್ಲಿಗೆ ಹೋತ್ರೀ?’ ಎಂದು ಅದು ಕೇಳುತ್ತದೆ. ಆ ಪ್ರಶ್ನೆ ಬಂದ ದಿನ 2ಅಬ ಎಂಬ ನಡುವಿನ ಪದ ಎಲ್ಲಿಂದ ಬಂತೆಂದು ಬಾಯಿಪಾಠ ಮಾಡಿಸಬೇಕಾಗಿಲ್ಲ.

ನಿಯಮ ಇಷ್ಟೇ: ಮೊದಲ ಆವರಣದ ಪ್ರತಿ ಪದವೂ ಎರಡನೇ ಆವರಣದ ಪ್ರತಿ ಪದವನ್ನೂ ಗುಣಿಸಬೇಕು. ಬೆಳಗಾವಿಯ ಶಹಾಪುರ, ವಡಗಾವಿಯ ಮಗ್ಗಗಳಲ್ಲಿ ಹಾಸಿನ ಪ್ರತಿ ಎಳೆಯೂ ಹೊಕ್ಕಿನ ಪ್ರತಿ ಎಳೆಯನ್ನು ಹಾಯುವ ಹಾಗೆ. ಪಠ್ಯದಲ್ಲಿ ಇದಕ್ಕೆ ವಿಭಾಜಕ ನಿಯಮ ಎಂಬ ಹೆಸರಿದೆ. ಒಂದು ಆವರಣದಲ್ಲಿ 2 ಪದ, ಇನ್ನೊಂದರಲ್ಲಿ 3 ಪದ ಇದ್ದರೆ 6 ಗುಣಲಬ್ಧ ಬರಲೇಬೇಕು. 3 ಮತ್ತು 3 ಇದ್ದರೆ 9. ಸಜಾತಿ ಪದಗಳನ್ನು ಕೂಡಿಸುವ ಮೊದಲು ಈ ಎಣಿಕೆ ಮಾಡಿಕೊಂಡರೆ ಬಿಟ್ಟುಹೋದದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಕೆಲವರು ‘ಫಾಯಿಲ್’ ಎಂಬ ಗುರುತುಪದ ಕಲಿತು ಬರುತ್ತಾರೆ. ಮೊದಲಿನವು, ಹೊರಗಿನವು, ಒಳಗಿನವು, ಕೊನೆಯವು ಎಂಬ ಕ್ರಮ ಅದು. ಎರಡು ದ್ವಿಪದೋಕ್ತಿಗಳಿಗೆ ಅದು ಸಾಕು. ಮೂರು ಪದ ಬಂದ ಕೂಡಲೇ ‘ಒಳಗಿನದು’ ಯಾವುದು, ‘ಹೊರಗಿನದು’ ಯಾವುದು ಎಂದು ಮಗು ಪೆನ್ನು ಹಿಡಿದು ಕೂರುತ್ತದೆ. ಅದನ್ನು ಕಲಿಸದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ಕಡೆ ನಡೆಯುವ ಒಂದು ದಾರಿ ಇರುವಾಗ ಅರ್ಧ ದಾರಿಗೆ ನಿಲ್ಲುವ ಇನ್ನೊಂದು ಯಾಕೆ?

ಋಣ ಗುಣಿಸು ಋಣ ಧನ ಯಾಕೆ?

ಮೂಲೆ ಪ್ಲಾಟ್ ಒಂದನ್ನು ತೆಗೆದುಕೊಳ್ಳೋಣ. 40 ಅಡಿ ಉದ್ದ, 30 ಅಡಿ ಅಗಲ, ಎರಡು ಕಡೆ ರಸ್ತೆ. ಎರಡೂ ರಸ್ತೆ ಅಗಲವಾಗಿ ಆ ಎರಡು ಕಡೆಗಳಿಂದ ‘ಯ’ ಅಡಿಯಷ್ಟು ಜಾಗ ಹೋಗುತ್ತದೆ. ಉಳಿಯುವುದು (40 − ಯ)(30 − ಯ).

ಉದ್ದದ ಕಡೆ ಹೋದ ಪಟ್ಟಿ 40ಯ. ಅಗಲದ ಕಡೆ ಹೋದ ಪಟ್ಟಿ 30ಯ. 1200ರಿಂದ ಎರಡನ್ನೂ ಕಳೆದರೆ 1200 − 70ಯ. ಆದರೆ ಎರಡು ಪಟ್ಟಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿವೆ. ಆ ಮೂಲೆಯ ಯ × ಯ ಚೌಕವನ್ನು ನಾವು ಎರಡು ಸಲ ಕಳೆದಿದ್ದೇವೆ. ಹೋದದ್ದು ಒಂದೇ ಸಲ. ಆದ್ದರಿಂದ ಒಂದು ಸಲ ತಿರುಗಿ ಕೂಡಿಸಬೇಕು: 1200 − 70ಯ + ಯ². (−ಯ) × (−ಯ) = +ಯ² ಎಂಬ ನಿಯಮ ಇಲ್ಲಿ ನ್ಯಾಯವಾಗಿ ಬರಬೇಕಾದ ಜಾಗ. ಯ = 5 ಆದರೆ ಉಳಿದದ್ದು 35 × 25 = 875. ನಮ್ಮ ಸೂತ್ರದಲ್ಲಿ 1200 − 350 + 25, ಅದೂ 875.

ಹತ್ತನೇ ತರಗತಿಯವರು ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಮನೆ ಕಟ್ಟುವಾಗ ಸುತ್ತಲೂ ಯ ಅಡಿ ಬಿಟ್ಟರೆ ಕಟ್ಟಡಕ್ಕೆ ಸಿಗುವ ಜಾಗ (40 − 2ಯ)(30 − 2ಯ) = 1200 − 140ಯ + 4ಯ². ಮೂರು ಅಡಿ ಬಿಟ್ಟರೆ 816 ಚದರ ಅಡಿ. ಇಷ್ಟು ಚದರ ಅಡಿ ಬೇಕಾದರೆ ಎಷ್ಟು ಬಿಡಬಹುದು ಎಂದು ತಿರುಗಿಸಿ ಕೇಳಿದರೆ ಅದು ವರ್ಗ ಸಮೀಕರಣದ ಪಾಠ.

ಋಣ-ಧನಗಳ ಈ ನಿಯಮ ನಮ್ಮ ನೆಲದಲ್ಲಿ ಹೊಸತಲ್ಲ. 628ರಲ್ಲಿ ಬ್ರಹ್ಮಗುಪ್ತ ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲೂ ಅದಿದೆ. ಮಹಾವೀರಾಚಾರ್ಯನ ಪುಸ್ತಕದಲ್ಲಿ ವರ್ಗ ಮಾಡುವ ಒಂದು ವಿಧಾನವಂತೂ ಇವತ್ತಿನ ತರಗತಿಗೆ ನೇರವಾಗಿ ಒದಗುತ್ತದೆ: ಕೊಟ್ಟ ಸಂಖ್ಯೆಗೆ ನಮಗೆ ಬೇಕಾದ ಒಂದು ಮೊತ್ತವನ್ನು ಕೂಡಿಸಬೇಕು, ಅದನ್ನೇ ಕಳೆಯಬೇಕು, ಬಂದ ಎರಡನ್ನೂ ಗುಣಿಸಿ ಆ ಮೊತ್ತದ ವರ್ಗವನ್ನು ಸೇರಿಸಬೇಕು. ಅಂದರೆ ಅ² = (ಅ + ಬ)(ಅ − ಬ) + ಬ². ಗುಂಟೆಗೆ ಹಚ್ಚಿ ನೋಡಿ: 33ಕ್ಕೆ 3 ಕೂಡಿಸಿದರೆ 36, ಕಳೆದರೆ 30. 36 × 30 = 1080, ಅದಕ್ಕೆ 9 ಸೇರಿಸಿದರೆ 1089. ಬಾಯಲ್ಲೇ ಮುಗಿಯಿತು. 97ರ ವರ್ಗ ಬೇಕಾದರೆ 100 × 94 + 9, ಅಂದರೆ 9409.

ಅದೇ ಪುಸ್ತಕದಲ್ಲಿ ಕೊರಳ ಹಾರದಂತೆ ಎರಡೂ ತುದಿಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳಿವೆ. 139 × 109 = 15151 ಅವುಗಳಲ್ಲಿ ಒಂದು. ಎಂಟನೇ ತರಗತಿಯವರು ಇದನ್ನು (140 − 1)(110 − 1) ಎಂದು ಬಿಡಿಸಲಿ: 15400 − 140 − 110 + 1. ಕೊನೆಯ ಆ +1 ಮರೆತರೆ ಹಾರ ಕೂಡುವುದಿಲ್ಲ.

ಬೆಳಗಾವಿ ಜಿಲ್ಲೆಯವರು ತಿಳಿದಿರಬೇಕಾದ ಇನ್ನೊಂದು ಹೆಸರು ರಾಜಾದಿತ್ಯ. 12ನೇ ಶತಮಾನದಲ್ಲಿ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಪದ್ಯದಲ್ಲಿ ಬರೆದವನು. ಅವನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ. ಗಣಿತವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರಿಗೆ ಎಂಟುನೂರು ವರ್ಷಗಳಿಗೂ ಹಿಂದಿನ ಉತ್ತರ ಅದು.

ಮನೆಯಲ್ಲಿ ಮಾಡಿಸುವ ಬಗೆ

ಬಿಳಿ ಹಾಳೆ, ಪೆನ್ಸಿಲ್, ಸ್ಕೇಲು ಸಾಕು. ಒಂದು ಬಹುಪದೋಕ್ತಿಯ ಪದಗಳನ್ನು ಮೇಲೆ ಅಡ್ಡಲಾಗಿ, ಇನ್ನೊಂದರ ಪದಗಳನ್ನು ಎಡಕ್ಕೆ ಕೆಳಮುಖವಾಗಿ ಬರೆದು ಮನೆಗಳನ್ನು ಹಾಕಿ. ಪ್ರತಿ ಮನೆಯಲ್ಲಿ ಅದರ ಮೇಲಿನ ಪದ ಗುಣಿಸು ಎಡದ ಪದ. (2ಯ + 3)(ಯ² − 4ಯ + 5) ಬಿಡಿಸೋಣ.

| | ಯ² | −4ಯ | +5 |
|---|---|---|---|
| 2ಯ | 2ಯ³ | −8ಯ² | +10ಯ |
| +3 | +3ಯ² | −12ಯ | +15 |

ಆರು ಮನೆ, ಆರು ಪದ. ಎರಡೂ ಬಹುಪದೋಕ್ತಿಗಳನ್ನು ದೊಡ್ಡ ಘಾತದಿಂದ ಸಣ್ಣ ಘಾತದ ಕಡೆಗೆ ಜೋಡಿಸಿ ಬರೆದರೆ ಸಜಾತಿ ಪದಗಳು ಓರೆಗೆರೆಯಲ್ಲಿ ತಾವಾಗಿಯೇ ಬಂದು ಕೂರುತ್ತವೆ: −8ಯ² ಮತ್ತು +3ಯ² ಒಂದು ಓರೆಯಲ್ಲಿ, +10ಯ ಮತ್ತು −12ಯ ಇನ್ನೊಂದರಲ್ಲಿ. ಕೂಡಿಸಿದರೆ 2ಯ³ − 5ಯ² − 2ಯ + 15.

ಪದದ ಜೊತೆಗಿರುವ ಚಿಹ್ನೆಯನ್ನು ಪದದ ಸ್ವಂತದ್ದೆಂದು ತಿಳಿದು ಮನೆಯ ಮೇಲೆ ಬರೆಯಬೇಕು. ‘−4ಯ’ ಎಂದೇ ಬರೆಯಬೇಕು, ‘4ಯ’ ಎಂದು ಬರೆದು ಚಿಹ್ನೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದರೆ ಕೆಟ್ಟಿತು. ಇನ್ನೊಂದು ಗೊಂದಲ ಘಾತಗಳದು. 3ಯ + 2ಯ = 5ಯ, ಆದರೆ 3ಯ × 2ಯ = 6ಯ². ಕೂಡಿಸುವಾಗ ಘಾತ ಬದಲಾಗದು, ಗುಣಿಸುವಾಗ ಘಾತಗಳು ಕೂಡುತ್ತವೆ. ಎರಡನ್ನೂ ಒಂದೇ ದಿನ ಪಕ್ಕಪಕ್ಕದಲ್ಲಿ ಮಾಡಿಸಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಮಧ್ಯದ ಪದವೊಂದು ಇಲ್ಲದಿದ್ದಾಗ ಸೊನ್ನೆ ಇಟ್ಟುಕೊಳ್ಳಿ. (ಯ³ + 2ಯ − 1)(ಯ² + 3) ಎಂಬಲ್ಲಿ ಮೊದಲನೆಯದರಲ್ಲಿ ಯ² ಇಲ್ಲ, ಎರಡನೆಯದರಲ್ಲಿ ಯ ಇಲ್ಲ. ಸಹಗುಣಕಗಳನ್ನಷ್ಟೇ ಬರೆದರೆ 1, 0, 2, −1 ಮತ್ತು 1, 0, 3. ಈಗ ಪ್ರಾಥಮಿಕ ಶಾಲೆಯ ದೊಡ್ಡ ಗುಣಾಕಾರದ ಹಾಗೆಯೇ ಮಾಡಿ, ದಶಕವನ್ನು ಒಯ್ಯುವುದು ಮಾತ್ರ ಇಲ್ಲ. 3ರಿಂದ ಗುಣಿಸಿದ ಸಾಲು 3, 0, 6, −3. 0ರ ಸಾಲಿಗೆ ಒಂದು ಸ್ಥಾನ ಬಿಟ್ಟು, 1ರ ಸಾಲನ್ನು ಎರಡು ಸ್ಥಾನ ಎಡಕ್ಕೆ ಸರಿಸಿದರೆ 1, 0, 2, −1. ಕೂಡಿಸಿದರೆ 1, 0, 5, −1, 6, −3. ಅಂದರೆ ಯ⁵ + 5ಯ³ − ಯ² + 6ಯ − 3. ನಾಲ್ಕೈದು ಪದಗಳ ಲೆಕ್ಕಕ್ಕೆ ಇದಕ್ಕಿಂತ ಚುರುಕಾದ ವಿಧಾನ ಕಾಗದದ ಮೇಲೆ ನನಗೆ ಗೊತ್ತಿಲ್ಲ.

ಈ ಹೋಲಿಕೆ ಆಕಸ್ಮಿಕವಲ್ಲ. ನಾವು ಬರೆಯುವ ಪ್ರತಿ ಪೂರ್ಣ ಸಂಖ್ಯೆಯೂ ಒಂದು ಬಹುಪದೋಕ್ತಿಯೇ, ಯ = 10 ಎಂದಿಟ್ಟದ್ದು. 23 ಎಂದರೆ 2ಯ + 3, 14 ಎಂದರೆ ಯ + 4. ಗುಣಿಸಿದರೆ 2ಯ² + 11ಯ + 12. ಯ = 10 ಹಾಕಿದರೆ 200 + 110 + 12 = 322, ಅದೇ 23 × 14. ಗುಣಾಕಾರ ಗೊತ್ತಿರುವ ತಾಯಿ, ಅಜ್ಜ, ಅಂಗಡಿಯವರು ಯಾರು ಬೇಕಾದರೂ ಬಹುಪದೋಕ್ತಿ ಹೇಳಿಕೊಡಬಲ್ಲರು ಎಂದು ನಾನು ಧೈರ್ಯವಾಗಿ ಹೇಳುವುದು ಇದೇ ಕಾರಣಕ್ಕೆ.

ಹೇಳಿಕೊಡುವವರಿಗೆ ಉತ್ತರ ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ? ಅಕ್ಷರದ ಜಾಗದಲ್ಲಿ ಒಂದು ಸಂಖ್ಯೆ ಹಾಕಿ. ಯ = 1 ಸುಲಭ, ಸಹಗುಣಕಗಳನ್ನು ಸುಮ್ಮನೆ ಕೂಡಿಸಿದರಾಯಿತು. ಮೇಲೆ ಮನೆ ಹಾಕಿ ಬಿಡಿಸಿದ ಲೆಕ್ಕದಲ್ಲಿ 5 × 2 = 10, ಉತ್ತರದಲ್ಲಿ 2 − 5 − 2 + 15 = 10. ಆದರೆ 1ರ ಎಲ್ಲ ಘಾತಗಳೂ 1 ಆದ್ದರಿಂದ ಘಾತದ ತಪ್ಪು ಇದರಲ್ಲಿ ಸಿಕ್ಕುವುದಿಲ್ಲ. 2ಯ³ ಬದಲು 2ಯ² ಎಂದು ಬರೆದರೂ ಉತ್ತರ ಸರಿಯೆಂದೇ ತೋರುತ್ತದೆ. ಅದಕ್ಕೆ ಯ = 2 ಕೂಡ ಹಾಕಿ: 7 × 1 = 7, ಉತ್ತರದಲ್ಲಿ 16 − 20 − 4 + 15 = 7. ಎರಡೂ ಕೂಡಿಬಂದರೆ ಮುಂದಿನ ಲೆಕ್ಕಕ್ಕೆ ಹೋಗಬಹುದು. ಎರಡೂ ತಾಳೆಯಾಗಿಯೂ ತಪ್ಪಿರುವುದು ಅಸಾಧ್ಯವೇನಲ್ಲ, ಆದರೆ ಹೈಸ್ಕೂಲಿನ ಲೆಕ್ಕಗಳಲ್ಲಿ ಬಹಳ ವಿರಳ. ಈ ತಾಳೆ ನೋಡುವ ಕೆಲಸಕ್ಕೆ ಅರ್ಧ ನಿಮಿಷ ಸಾಕು, ಪರೀಕ್ಷೆಯ ಕೋಣೆಯಲ್ಲೂ ಮಾಡಬಹುದು. ಮಗು ತನ್ನ ಉತ್ತರವನ್ನು ತಾನೇ ತೂಗಿ ನೋಡುವುದನ್ನು ಕಲಿತರೆ ಟ್ಯೂಷನ್ನಿನ ಅಗತ್ಯ ಅರ್ಧ ಇಳಿಯುತ್ತದೆ.

ಖಾನಾಪುರ ತಾಲೂಕಿನಲ್ಲಿ ಮಳೆಗಾಲದಲ್ಲಿ ಶಾಲೆಗೆ ರಜೆ ಘೋಷಣೆಯಾಗುವುದು ಹೊಸ ಸುದ್ದಿಯಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಜುಲೈ ತಿಂಗಳ ಮಳೆ ಎಂಥದೆಂದು ಅಲ್ಲಿಯವರಿಗೇ ಗೊತ್ತು. ಕಾಡಂಚಿನ ಊರುಗಳಿಂದ ಹೈಸ್ಕೂಲಿಗೆ ನಡೆದೋ ಬಸ್ಸಿನಲ್ಲೋ ಬರುವ ಮಕ್ಕಳಿಗೆ ಪಾಠದ ಸರಣಿ ಅಲ್ಲಿ ಕಡಿಯುತ್ತದೆ. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಮೊಬೈಲಿನ ಪಾಠವನ್ನು ನಂಬಿ ಕೂರುವಂತಿಲ್ಲ. ಮನೆ ಹಾಕಿ ಗುಣಿಸುವುದು, ಯ = 2 ಹಾಕಿ ತಾಳೆ ನೋಡುವುದು, ಇವೆರಡು ಗೊತ್ತಿದ್ದ ಮಗು ಆ ದಿನಗಳಲ್ಲಿ ಶಿಕ್ಷಕರಿಲ್ಲದೆಯೂ ಅಭ್ಯಾಸ ಮುಂದುವರಿಸಬಲ್ಲದು. ಶಾಲೆ ಶುರುವಾದ ಮೊದಲ ವಾರಗಳಲ್ಲೇ ಇವೆರಡನ್ನೂ ಕಲಿಸಿಬಿಡಿ ಎಂಬುದು ಆ ಭಾಗದ ಶಿಕ್ಷಕರಲ್ಲಿ ನನ್ನ ವಿನಂತಿ.

ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲೇ ಇವೆ. ಒಂದೇ ಓಣಿಯ ಮಕ್ಕಳು ಸಂಜೆ ಒಟ್ಟಿಗೆ ಆಡಿ, ಬೆಳಿಗ್ಗೆ ಬೇರೆ ಬೇರೆ ಮಾಧ್ಯಮಕ್ಕೆ ಹೋಗುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಬಂದಾಗ ಎಲ್ಲರೂ ಇಂಗ್ಲಿಷ್ ಪುಸ್ತಕದ ಮುಂದೆ ಕೂರಬೇಕು. ಅಲ್ಲಿ ಮೊದಲ ತಿಂಗಳು ಮಕ್ಕಳು ಎಡವುವುದು ಮಾತಿಗೆ. ಮನೆ ಹಾಕಿದ ಹಾಳೆಯಲ್ಲಿ ಮಾತೇ ಇಲ್ಲ. ಓಣಿಯ ಮಕ್ಕಳು ಒಂದೇ ಹಾಳೆಯ ಸುತ್ತ ಕೂತು ಬಿಡಿಸಬಹುದಾದ ಲೆಕ್ಕ ಇದು. ಅಂಥ ಗುಂಪು ಕಟ್ಟಿಕೊಳ್ಳಿ ಎಂದು ಪಾಲಕರಿಗೆ ಹೇಳುತ್ತೇನೆ.

ತಿರುಗಿಸಿ ಓದಿದರೆ ಅಪವರ್ತನ

ಗುಣಾಕಾರವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಹತ್ತನೇ ತರಗತಿಯೇ ಕಾರಣ. ವರ್ಗ ಸಮೀಕರಣ ಬಿಡಿಸುವಾಗ ‘ಮಧ್ಯಪದವನ್ನು ಒಡೆ’ ಎನ್ನುತ್ತಾರೆ. 6ಯ² + 11ಯ + 3 ಕೊಟ್ಟರೆ 6 × 3 = 18, ಗುಣಿಸಿದರೆ 18 ಮತ್ತು ಕೂಡಿಸಿದರೆ 11 ಬರುವ ಎರಡು ಸಂಖ್ಯೆ ಹುಡುಕು ಎಂದು ವಿಧಾನ. ಮೊದಲ ಮತ್ತು ಕೊನೆಯ ಸಹಗುಣಕಗಳನ್ನು ಯಾಕೆ ಗುಣಿಸಬೇಕು? ಕಾರಣ ಸಿಗದೆ ಮಕ್ಕಳು ಅದನ್ನು ಮಂತ್ರದಂತೆ ಒಪ್ಪಿಕೊಳ್ಳುತ್ತಾರೆ.

ನಾಲ್ಕು ಮನೆಯ ಚೌಕವನ್ನು ನೋಡಿ. ಕರ್ಣದಲ್ಲಿರುವ ಎರಡು ಮನೆಗಳ ಗುಣಲಬ್ಧವೂ ಇನ್ನೊಂದು ಕರ್ಣದ ಎರಡು ಮನೆಗಳ ಗುಣಲಬ್ಧವೂ ಯಾವಾಗಲೂ ಒಂದೇ, ಏಕೆಂದರೆ ಎರಡರಲ್ಲೂ ಅವೇ ನಾಲ್ಕು ಪದಗಳು ಗುಣಿಸಿಕೊಂಡಿವೆ. ಒಂದು ಕರ್ಣದಲ್ಲಿ 6ಯ² ಮತ್ತು 3 ಇವೆ, ಗುಣಲಬ್ಧ 18ಯ². ಹಾಗಾದರೆ ಇನ್ನೊಂದು ಕರ್ಣದ ಎರಡು ಮನೆಗಳ ಗುಣಲಬ್ಧವೂ 18ಯ², ಮೊತ್ತ 11ಯ. ಅವು 9ಯ ಮತ್ತು 2ಯ. ಮೇಲಿನ ಸಾಲು 6ಯ², 9ಯ. ಎರಡಕ್ಕೂ ಸಾಮಾನ್ಯವಾದದ್ದು 3ಯ. ಕೆಳಗಿನ ಸಾಲು 2ಯ, 3. ಸಾಮಾನ್ಯವಾದದ್ದು 1. ಮೇಲೆ ಉಳಿಯುವುದು 2ಯ + 3. ಉತ್ತರ (3ಯ + 1)(2ಯ + 3). ಗುಣಾಕಾರದ ಚೌಕವನ್ನು ಒಳಗಿನಿಂದ ಹೊರಕ್ಕೆ ಓದಿದ್ದೇವೆ. ಎಂಟನೇ ತರಗತಿಯಲ್ಲಿ ಚೌಕ ಹಾಕಿ ಕಲಿತ ಮಗುವಿಗೆ ಹತ್ತರಲ್ಲಿ ಇದು ಹೊಸ ಪಾಠವೇ ಅಲ್ಲ.

‘ಇದರಿಂದ ಮುಂದೆ ಏನು ಉಪಯೋಗ?’ ಎಂದು ಕೇಳುವ ಮಕ್ಕಳಿಗೆ ಬೆಳಗಾವಿಯ ಖಡೇಬಜಾರಿನ ಯಾವುದೇ ಅಂಗಡಿಯ ಮುಂದಿರುವ ಕ್ಯೂಆರ್ ಕೋಡ್ ತೋರಿಸಿ. ಅದಕ್ಕೆ ಅಲ್ಲಲ್ಲಿ ಮಸಿ ಹತ್ತಿದರೂ, ಚೂರು ಹರಿದರೂ ಫೋನು ಅದನ್ನು ಓದುತ್ತದೆ. 1960ರಲ್ಲಿ ರೀಡ್ ಮತ್ತು ಸಾಲಮನ್ ಎಂಬ ಇಬ್ಬರು ಅಮೆರಿಕನ್ ಗಣಿತಜ್ಞರು ಪ್ರಕಟಿಸಿದ ವಿಧಾನ ಅದರೊಳಗಿದೆ. ಸಂದೇಶವನ್ನು ಬಹುಪದೋಕ್ತಿಯ ಸಹಗುಣಕಗಳಾಗಿ ಬರೆದು, ಗೊತ್ತುಮಾಡಿದ ಇನ್ನೊಂದು ಬಹುಪದೋಕ್ತಿಯೊಡನೆ ಗುಣಾಕಾರ, ಭಾಗಾಕಾರ ನಡೆಸಿ ಕೆಲವು ಹೆಚ್ಚುವರಿ ಸಂಖ್ಯೆಗಳನ್ನು ಸೇರಿಸುತ್ತಾರೆ. ಓದುವ ಯಂತ್ರ ಆ ಹೆಚ್ಚುವರಿ ಸಂಖ್ಯೆಗಳ ಬಲದಿಂದ ಅಳಿದದ್ದನ್ನು ಮತ್ತೆ ಕಂಡುಹಿಡಿಯುತ್ತದೆ. 1994ರಲ್ಲಿ ಜಪಾನಿನಲ್ಲಿ ಕ್ಯೂಆರ್ ಕೋಡ್ ರೂಪಿಸಿದಾಗ ಈ ವಿಧಾನವನ್ನೇ ಅಳವಡಿಸಿದರು. ತಪ್ಪು ತಿದ್ದುವ ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು ಶೇಕಡಾ 30 ಹಾಳಾದರೂ ಸಂದೇಶ ಉಳಿಯುತ್ತದೆ. ಅಲ್ಲಿ ಕೂಡಿಸುವ, ಗುಣಿಸುವ ಸಂಖ್ಯೆಗಳ ಪದ್ಧತಿ ಬೇರೆ, ಆದರೆ ಪ್ರತಿ ಪದವೂ ಪ್ರತಿ ಪದವನ್ನು ಗುಣಿಸಬೇಕೆಂಬ ನಿಯಮ ಅಲ್ಲಿಯೂ ಅದೇ.

ಅಭ್ಯಾಸಕ್ಕೆ ಐದು ಲೆಕ್ಕ ಕೊಡುತ್ತೇನೆ. ಪ್ರತಿಯೊಂದಕ್ಕೂ ಮೊದಲು ಎಷ್ಟು ಮನೆ ಬೇಕೆಂದು ಎಣಿಸಿ, ತುಂಬಿ, ಓರೆಯಾಗಿ ಕೂಡಿಸಿ, ಅಕ್ಷರ ಇರುವಲ್ಲಿ ಯ = 2 ಹಾಕಿ ತಾಳೆ ನೋಡಿ.

1. (ಯ + 6)(ಯ − 2)
2. (3ಯ − 4)(2ಯ − 5)
3. (ಯ + 2)(ಯ² − 2ಯ + 4)
4. (ಯ² + ಯ + 1)(ಯ² − ಯ + 1)
5. ಉದ್ದ 6 ಸರಪಳಿ 8 ಆಣೆ, ಅಗಲ 2 ಸರಪಳಿ 4 ಆಣೆ ಇರುವ ಗದ್ದೆಯ ಜಾಗ

ಮೂರು ಮತ್ತು ನಾಲ್ಕನೆಯ ಲೆಕ್ಕಗಳಲ್ಲಿ ಅನೇಕ ಪದಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಉತ್ತರ ಇಷ್ಟು ಚಿಕ್ಕದಾಯಿತಲ್ಲ ಎಂದು ಗಾಬರಿಯಾಗಬೇಕಿಲ್ಲ. ಐದನೆಯದನ್ನು ಮನೆಯ ಹಿರಿಯರ ಜೊತೆ ಕೂತು ಮಾಡಿ. ಸರಪಳಿ, ಆಣೆಯ ಲೆಕ್ಕದಲ್ಲಿ ಅವರು ನಿಮಗಿಂತ ಮುಂದಿರಬಹುದು.

ಉತ್ತರಗಳು: ಮೊದಲನೆಯದು ಯ² + 4ಯ − 12. ಎರಡನೆಯದು 6ಯ² − 23ಯ + 20. ಮೂರನೆಯದು ಯ³ + 8. ನಾಲ್ಕನೆಯದು ಯ⁴ + ಯ² + 1. ಐದನೆಯದು 14 ಗುಂಟೆ 10 ಆಣೆ.